ಚಳವಳಿಗಾರರ ‘ಹಿಂದೆ’ ಇರುವವರು

ಮಾನ್ಯರೇ,

ರೈತರು ಬೀದಿಗಿಳಿದಾಗಲೆಲ್ಲ ‘ಇವರ ಹಿಂದೆ ಯಾರೋ ಇದ್ದಾರೆ’ ಎಂಬ ಮಾತು ಕೇಳಿಬರುತ್ತದೆ. 1980ರಲ್ಲಿ ನರಗುಂದದ ರೈತರನ್ನು ಕೆರಳಿಸಿದ್ದು ಯಾರ ಭಾಷಣವೂ ಅಲ್ಲ. ಮಲಪ್ರಭಾ ಕಾಲುವೆಯ ನೀರು ಎಷ್ಟೋ ಹೊಲಗಳನ್ನು ತಲುಪುವ ಮೊದಲೇ ಕೈಸೇರಿದ, ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆಂದು ವಿಧಿಸುವ ಬೆಟರ್‌ಮೆಂಟ್ ಲೆವಿಯ ನೋಟಿಸು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲೂ ಆದದ್ದು ಹೆಚ್ಚುಕಡಿಮೆ ಅದೇ. ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಸ್ವಾಧೀನಕ್ಕೆ ಹೊರಟಾಗ, ದ್ರಾಕ್ಷಿ, ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದವರು ಧರಣಿ ಕುಳಿತು, ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಬಂದರೂ ಕದಲಲಿಲ್ಲ. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ಹೊರಗಿನ ಹೋರಾಟಗಾರರು, ಸಾಹಿತಿಗಳು ಬೆಂಬಲಕ್ಕೆ ಬಂದದ್ದು ನಿಜ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ನಿಲುವು ಹುಟ್ಟಿದ್ದು ಪಹಣಿಯಲ್ಲಿ.

ಇಂಥವರು ಬೆಂಗಳೂರಿಗೆ ಬಂದರೆ 2021ರ ಪೊಲೀಸ್ ಆದೇಶದಂತೆ ಫ್ರೀಡಂ ಪಾರ್ಕಿನಲ್ಲೇ ಕೂರಬೇಕು. ಸಂಚಾರ ದಟ್ಟಣೆಯ ತೊಂದರೆ ಸುಳ್ಳಲ್ಲ. ಆದರೂ ಸಂವಿಧಾನದ 19ನೇ ವಿಧಿ ಕೊಟ್ಟ ಶಾಂತಿಯುತ ಸಭೆಯ ಹಕ್ಕನ್ನು, ತುರ್ತುಪರಿಸ್ಥಿತಿಯಲ್ಲಿ ವಿರೋಧಿಗಳನ್ನು ಕೂಡಿಹಾಕಿದ್ದ ಹಳೆಯ ಸೆರೆಮನೆಯ ಆವರಣಕ್ಕೇ ಸೀಮಿತಗೊಳಿಸಿರುವುದು ವಿಪರ್ಯಾಸ. ಕನಿಷ್ಠ ವಲಯಕ್ಕೊಂದು ಮೈದಾನವನ್ನಾದರೂ ಪ್ರತಿಭಟನೆಗೆ ಗುರುತಿಸುವಂತೆ ಸರ್ಕಾರವು ಆದೇಶವನ್ನು ಪರಿಷ್ಕರಿಸಬೇಕು.

— ಓದುಗ, ಬೆಂಗಳೂರು