ಕೆಲಸ ಸಿಕ್ಕಿತ್ತು, ಉಳಿಸಿಕೊಡೋರು ಇರ್ಲಿಲ್ಲ

ಸಂಪಾದಕರಿಗೆ ನಮಸ್ಕಾರ,

ನನ್ ತಮ್ಮಗ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅದ. ಮುಚ್ಚಿಡೋದೇನಿಲ್ಲ, ಓಣಿಗೆಲ್ಲ ಗೊತ್ತು. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಮಾಡಿಸೀವಿ, ತಿಂಗಳಿನ ಇಂಜೆಕ್ಷನ್ ತಪ್ಪಿಸಲ್ಲ. ಹೋದ ವರ್ಷ ಇಲ್ಲೇ ಕಲಬುರಗಿಯ ಒಂದು ಬೇಳೆ ಮಿಲ್ಲಿನ್ಯಾಗ ಪ್ಯಾಕಿಂಗ್ ಕೆಲಸ ಸಿಕ್ತು, ಒಂದೂವರೆ ತಿಂಗಳು ಚಲೋ ಮಾಡ್ದ, ಆಮ್ಯಾಲ ಡಾಕ್ಟರ್ ಗುಳಿಗಿ ಬದಲಿ ಮಾಡಿದ್ರು ನೋಡ್ರಿ, ಮುಂಜಾನೆ ನಿದ್ದಿನೇ ಬಿಡವಲ್ದು, ಎಂಟಕ್ಕ ಹೋಗೋನು ಒಂಬತ್ತೂವರೆಗೆ ಹೋಗ್ಲಿಕತ್ತ, ನಾಲ್ಕನೇ ದಿನ ಮಾಲಕರು ನಾಳಿಂದ ಬರಬ್ಯಾಡ ಅಂದ್ರು. ಮುಂಜಾನೆ ಹತ್ತಕ್ಕ ಶುರುವಾಗೋ ಶಿಫ್ಟೂ ಇತ್ತಂತ ಅಲ್ಲಿ, ನಮಗ ಆಮ್ಯಾಲ ಗೊತ್ತಾಯ್ತು. ಅವರದೇ ತಪ್ಪು ಅನ್ನಲ್ಲ, ಅವರಿಗೆ ತಿಳಿಸಿ ಹೇಳೋರು ಯಾರಿದ್ರು? ನಾನು ಹೋದ್ರ ಅಣ್ಣ ವಶೀಲಿ ಮಾಡ್ಲಿಕ್ಕ ಬಂದಾನ ಅಂತಾರ.

ಇಂಥಾ ಹೊತ್ತಿಗೆ ನಡುವ ನಿಂತು ಮಾತಾಡೋ ಒಬ್ಬ ಮನಷ್ಯಾ ಬೇಕು. ಅಮೆರಿಕಾದಾಗ 1990ರ ದಶಕದಿಂದ ಮಾನಸಿಕ ಕಾಯಿಲೆ ಇದ್ದೋರನ್ನ ಕೆಲಸಕ್ಕ ಹಚ್ಚೋ ಐಪಿಎಸ್ ಅನ್ನೋ ಪದ್ಧತಿ ಅದ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಪೊಲೀಸ್ ಐಪಿಎಸ್ ಅಲ್ಲ ಮತ್ತ). ಮೊದಲು ಕೆಲಸಕ್ಕ ಹಚ್ತಾರ, ಕಲಿಸೋದು ಅಲ್ಲೇ. ಜಾಬ್ ಕೋಚ್ ಅಂತ ಒಬ್ಬರು ಡಾಕ್ಟರ್ ಟೀಮಿನ ಜೋಡಿನೇ ಇರ್ತಾರ, ಕೆಲಸ ಸಿಕ್ಕ ಮ್ಯಾಲೂ ಕೈ ಬಿಡಲ್ಲ, ಪೇಷಂಟ್ ಹೂಂ ಅಂದ್ರ ಮಾಲಕರ ಜೋಡಿನೂ ಮಾತಾಡ್ತಾರ. ನಮ್ ಕಡೆ ಉಲ್ಟಾ, ವರ್ಷಗಟ್ಲೆ ಮೇಣಬತ್ತಿ, ಪಾಕೀಟು ಮಾಡೋದು ಕಲಿಸ್ತಾರ. ತಮ್ಮನೂ ಎರಡು ವರ್ಷ ಪಾಕೀಟು ಅಂಟಿಸ್ಯಾನ, ಯಾರಿಗೆ ಬೇಕಾಗಿದ್ವೋ ಏನೋ.

ಕಾನೂನು ಇಲ್ಲಂತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನಮೂನಿಯೊಳಗ ಮಾನಸಿಕ ಕಾಯಿಲೆನೂ ಅದ, ಸರ್ಕಾರಿ ನೌಕರಿಯೊಳಗ 4% ಮೀಸಲು ಅದ. ಏಳನೇತ್ತ ಓದಿದವಗ ಅದು ಎಲ್ಲಿಂದ ಎಟಕಬೇಕು? ಅದೇ ಕಾಯ್ದೆ 35ನೇ ಕಲಮಿನ್ಯಾಗ ಖಾಸಗಿಯೋರು ನೂರಕ್ಕ ಐದು ಮಂದಿನಾದ್ರೂ ಇಂಥೋರನ್ನ ತಗೊಳ್ಳಂಗ ಪ್ರೋತ್ಸಾಹ ಕೊಡ್ರಿ ಅಂತದ. ನಮ್ ಮಿಲ್ ಮಾಲಕರಿಗೆ ಇದನ್ನ ಯಾರರೆ ಹೇಳ್ಯಾರೇನು?

ಹೊಸಾ ಆಫೀಸ್ ಬ್ಯಾಡ್ರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಟೀಮ್ ಅದ, ಗ್ರಾಮ ಪಂಚಾಯ್ತಿ ಮಟ್ಟದಾಗ ವಿಆರ್‌ಡಬ್ಲ್ಯೂಗಳು (ವಿಕಲಚೇತನರಿಗಾಗಿ ಇರೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅದಾರ. ತಾಲೂಕಿಗೆ ಇಬ್ಬರಿಗೆ ಜಾಬ್ ಕೋಚ್ ಟ್ರೈನಿಂಗ್ ಕೊಟ್ಟು ಸಂಬಳ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ರೊಕ್ಕದಾಗ ಕೊಡ್ರಿ, ರಸ್ತೆ ಬಿಲ್ಡಿಂಗಿಗೆ ಹೋಗೋದ್ರ ಮುಂದ ಇದು ಲೆಕ್ಕಕ್ಕೂ ಬರಲ್ಲ. ಕಪನೂರ ಇಂಡಸ್ಟ್ರಿಯಲ್ ಏರಿಯಾದಿಂದ ಶುರು ಮಾಡ್ರಿ, ತೊಗರಿ ಸೀಸನ್ ಬಂತಂದ್ರ ಮಿಲ್ಲಿನೋರಿಗೂ ಆಳು ಬೇಕೇ ಬೇಕು.

ಇಂತಿ,
ಒಬ್ಬ ಅಣ್ಣ, ಕಲಬುರಗಿ