ಮೊದಲು ಪ್ರಯತ್ನ, ಆಮೇಲೆ ನಂಬಿಕೆ

ಮಾನ್ಯ ಸಂಪಾದಕರೇ,

‘ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ’, ‘ನಾಲ್ಕು ಜನರೆದುರು ಮಾತಾಡುವುದು ನನ್ನ ಕೈಲಾಗದು’, ‘ಈ ವಯಸ್ಸಿನಲ್ಲಿ ಹೊಸದೇನು ಕಲಿಯುವುದು’ ಎನ್ನುವವರಿಗೆ ವ್ಯಕ್ತಿತ್ವ ವಿಕಸನದ ಬರಹಗಳು ಸಾಮಾನ್ಯವಾಗಿ ಹೇಳುವುದು, ಮೊದಲು ನಿಮ್ಮನ್ನು ನೀವು ನಂಬಿ ಎಂದು. ಈ ಸಲಹೆಯ ಕ್ರಮವೇ ಹಿಂದುಮುಂದಾಗಿದೆ ಎಂಬುದು ನನ್ನ ಅಭಿಪ್ರಾಯ.

‘ನನ್ನಿಂದಾಗದು’ ಎಂಬ ಭಾವನೆ ಬೇರೂರುವುದು ಸೋಲಿನಿಂದ ಮಾತ್ರವಲ್ಲ, ಪ್ರಯತ್ನವನ್ನೇ ತಪ್ಪಿಸಿಕೊಳ್ಳುವುದರಿಂದಲೂ. ಹಿಂದೆ ಸರಿದಾಗ ಸಿಗುವ ತಾತ್ಕಾಲಿಕ ನೆಮ್ಮದಿಯು ಸರಿದದ್ದೇ ಒಳ್ಳೆಯದಾಯಿತೆಂದು ಮನಸ್ಸಿಗೆ ಕಲಿಸುತ್ತದೆ. ಮಾಡಿ ನೋಡದ ಕಾರಣ ಆ ಭಾವನೆ ಸುಳ್ಳೆಂದು ತಿಳಿಯುವ ಅವಕಾಶವೂ ಇಲ್ಲವಾಗುತ್ತದೆ. ಅಭ್ಯಾಸವಿಲ್ಲದೆ ಇದ್ದ ಸಾಮರ್ಥ್ಯವೂ ಕುಂದಿ, ಕೊನೆಗೆ ಅದು ನಿಜವೇ ಆಗಿಬಿಡುತ್ತದೆ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರು 1977ರಲ್ಲಿ, ತನ್ನ ಸಾಮರ್ಥ್ಯದ ಬಗ್ಗೆ ವ್ಯಕ್ತಿಗಿರುವ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಸಾಧಿಸಿದ ಅನುಭವ, ಇತರರು ಸಾಧಿಸಿದ್ದನ್ನು ಕಂಡದ್ದು, ಪ್ರೋತ್ಸಾಹದ ಮಾತು ಮತ್ತು ಎದೆಬಡಿತ, ನಡುಕಗಳಂಥ ದೈಹಿಕ ಉದ್ವೇಗವನ್ನು ನಾವು ಅರ್ಥಮಾಡಿಕೊಳ್ಳುವ ಬಗೆ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದೆಂದು ಅವರು ಕಂಡುಕೊಂಡರು. ಹಾವೆಂದರೆ ತೀವ್ರವಾಗಿ ಹೆದರುತ್ತಿದ್ದವರೊಂದಿಗೆ ಅವರೂ ಸಹೋದ್ಯೋಗಿಗಳೂ ನಡೆಸಿದ ಪ್ರಯೋಗದಲ್ಲಿ, ಬೇರೆಯವರು ಹಾವು ಹಿಡಿಯುವುದನ್ನು ಬರೀ ನೋಡಿದವರಿಗಿಂತ, ನೆರವಿನೊಂದಿಗೆ ಹಂತಹಂತವಾಗಿ ತಾವೇ ಹಿಡಿದವರಲ್ಲಿ ಆತ್ಮವಿಶ್ವಾಸ ಹೆಚ್ಚು ಬೆಳೆಯಿತು. ನಮ್ಮ ಉಪದೇಶಗಳು ಮಾತ್ರ ಇಂದಿಗೂ ಮೂರನೆಯದಾದ ಮಾತಿನಲ್ಲೇ ನಿಂತಿವೆ.

ಅಳುಕು ಹೋಗಲಿ ಎಂದು ಕಾಯದೆ, ಅಳುಕಿನೊಡನೆಯೇ ಮಾಡಬಹುದಾದಷ್ಟು ಚಿಕ್ಕ ಕೆಲಸವೊಂದನ್ನು ಆರಿಸಿಕೊಳ್ಳಬೇಕು. ಸಭೆಯಲ್ಲಿ ಭಾಷಣ ಮಾಡಲಾಗದವರು ಒಂದು ಪ್ರಶ್ನೆ ಕೇಳಿದರೂ ಸಾಕು. ಏನು ಕೆಡಬಹುದೆಂದು ಮೊದಲೇ ಬರೆದಿಟ್ಟು, ಆಮೇಲೆ ನಿಜವಾಗಿ ನಡೆದದ್ದರೊಂದಿಗೆ ಹೋಲಿಸಿ ನೋಡುವ ವಿಧಾನ, ಯೋಚನೆಯ ರೀತಿಯನ್ನು ಪರೀಕ್ಷಿಸಿ ತಿದ್ದಿಕೊಳ್ಳಲು ನೆರವಾಗುವ ಅರಿವಿನ ಚಿಕಿತ್ಸೆಯಲ್ಲಿ (ಕಾಗ್ನಿಟಿವ್ ಥೆರಪಿ) ಬಳಕೆಯಲ್ಲಿದೆ. ಭಯದ ಊಹೆಗಳು ಎಷ್ಟರಮಟ್ಟಿಗೆ ನಿಜವಾದವು ಎಂಬುದನ್ನು ಆಗ ತಾವೇ ಕಾಣಬಹುದು.

ಎಲ್ಲ ಮಿತಿಗಳೂ ಮನಸ್ಸಿನ ಸೃಷ್ಟಿಯಲ್ಲ ಎಂಬುದನ್ನೂ ಹೇಳಲೇಬೇಕು. ಬಡತನ, ಅನಾರೋಗ್ಯ, ತಾರತಮ್ಯಗಳಿಂದ ಹಿಂದುಳಿದವರಿಗೆ ‘ನಿಮ್ಮ ಯೋಚನೆ ಬದಲಿಸಿಕೊಳ್ಳಿ’ ಎನ್ನುವುದು ಕ್ರೌರ್ಯ. ಹಾಗೆಯೇ, ಒಮ್ಮೆ ತಪ್ಪಿದ ಮಗುವಿಗೆ ‘ನೀನು ದಡ್ಡ’ ಎಂಬ ಹಣೆಪಟ್ಟಿ ಹಚ್ಚುವ ಹಿರಿಯರು, ಆ ಮಗು ಮುಂದೆ ತನ್ನ ಬಗ್ಗೆ ಆಡಿಕೊಳ್ಳಬಹುದಾದ ಮಾತನ್ನು ತಾವೇ ಕಲಿಸಿಕೊಡುತ್ತಿರುತ್ತಾರೆ.

ಪತ್ರಿಕೆಗಳು ಶಿಖರ ಮುಟ್ಟಿದವರ ಯಶೋಗಾಥೆಗಳಷ್ಟೇ ಅಲ್ಲದೆ, ಹಿಂಜರಿಯುತ್ತ, ಎಡವುತ್ತ ಹೊಸ ಕೆಲಸ ಕಲಿತ ಸಾಮಾನ್ಯರ ಮೊದಲ ದಿನಗಳ ವಿವರಗಳನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ. ತನ್ನಂಥವರೇ ಮಾಡಿದ್ದನ್ನು ಓದಿದವರು ತಾವೂ ಒಮ್ಮೆ ಮಾಡಿ ನೋಡಲು ಮುಂದಾಗುವ ಸಾಧ್ಯತೆ ಹೆಚ್ಚು.

ಇತಿ,
ನಿಮ್ಮ ಓದುಗ