ರನ್‌ವೇಯ ತುದಿ ಕೇಳಿದ್ದಾಯಿತು, ಬದಿಯನ್ನೂ ಕೇಳಿ: ದಕ್ಷಿಣ ಕನ್ನಡದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ ಕಡೆಯವನು. ವಿಮಾನದ ಸದ್ದಿನ ಮೇಲೆಯೇ ಗಂಟೆ ಹೇಳುವ ಮನೆ ನಮ್ಮದು. ಹಾಗಾಗಿ ಹಾಂಗ್‌ಕಾಂಗ್‌ನಲ್ಲಿ ನಡೆದದ್ದನ್ನು ಹಿಡಿದುಕೊಂಡು ನಿಮಗೆ ಬರೆದರೆ ತಪ್ಪು ತಿಳಿಯಲಾರಿರಿ ಎಂದುಕೊಂಡಿದ್ದೇನೆ.

2025ರ ಅಕ್ಟೋಬರ್ 20. ಬೆಳಗಿನ ಜಾವ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ದುಬೈಯಿಂದ ಬಂದ ಬೋಯಿಂಗ್ 747 ಕಾರ್ಗೋ ವಿಮಾನವೊಂದು ಹಾಂಗ್‌ಕಾಂಗ್‌ನ ಉತ್ತರದ ರನ್‌ವೇಯಲ್ಲಿ ಇಳಿಯಿತು. ಇಳಿದ ಮೇಲೆ ನೇರ ಓಡಲಿಲ್ಲ. ಎಡಕ್ಕೆ ತಿರುಗಿ, ಬೇಲಿ ಮುರಿದುಕೊಂಡು ಆಚೆ ನುಗ್ಗಿತು. ಬೇಲಿಯಾಚೆ ರಸ್ತೆಯಲ್ಲಿ ಭದ್ರತೆಯವರ ಗಸ್ತಿನ ಕಾರು ಹೋಗುತ್ತಿತ್ತು. ಅದಕ್ಕೆ ಡಿಕ್ಕಿ ಹೊಡೆಯಿತು. ಕಾರೂ ಸಮುದ್ರ ಸೇರಿತು, ವಿಮಾನವೂ ಸೇರಿತು. ವಿಮಾನದಲ್ಲಿದ್ದ ನಾಲ್ವರು ಬದುಕಿದರು. ಕಾರಿನಲ್ಲಿದ್ದ ಇಬ್ಬರು ಸತ್ತರು. ಒಬ್ಬರಿಗೆ 30 ವರ್ಷ, ಇನ್ನೊಬ್ಬರಿಗೆ 41.

ವಿಮಾನದಲ್ಲಿ ಸರಕು ಇರಲಿಲ್ಲ, ಖಾಲಿ ಬಂದಿತ್ತು. ಆ ಕಾರು ರನ್‌ವೇಗೆ ಬಂದಿರಲೇ ಇಲ್ಲ, ಬೇಲಿಯ ಹೊರಗೆ ಸುರಕ್ಷಿತ ದೂರದಲ್ಲೇ ಇತ್ತು ಎಂದು ಅಲ್ಲಿನ ವಿಮಾನ ನಿಲ್ದಾಣದವರೇ ಹೇಳಿದರು. ನನ್ನನ್ನು ಕಾಡುತ್ತಿರುವುದು ಈ 'ಸುರಕ್ಷಿತ ದೂರ' ಎಂಬ ಮಾತು.

ನಮ್ಮೂರಿನವರಿಗೆ ರನ್‌ವೇ ಅಂದರೆ ಮೊದಲು ನೆನಪಾಗುವುದು ಅದರ ತುದಿ. ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. 2010ರ ಮೇ 22ರಂದು ಇಲ್ಲಿ ಬಿದ್ದ ವಿಮಾನವೂ ದುಬೈಯಿಂದ ಬಂದದ್ದೇ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದು 5,200 ಅಡಿ ದಾಟಿದ ಮೇಲೆ. ತುದಿಯ ಮರಳ ಹಾಸನ್ನೂ ದಾಟಿತು. ಅಲ್ಲಿಂದ ಮುಂದೆ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ಕೆಂಜಾರಿನ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು 8. ಹತ್ತು ವರ್ಷದ ಮೇಲೆ ಕೋಯಿಕ್ಕೋಡ್‌ನಲ್ಲೂ ವಿಮಾನ ತುದಿ ದಾಟಿ ಬಿತ್ತು, 21 ಜನ ಹೋದರು. ಅಂದಿನಿಂದ ನಮ್ಮ ಮಾತೆಲ್ಲ ತುದಿಯದ್ದೇ: ಆಚೆ ಸುರಕ್ಷತೆಗೆ ಬಿಡುವ ಜಾಗ 90 ಮೀಟರ್ ಸಾಕಾ, 240 ಬೇಕಾ, ಜಾಗ ಯಾರು ಕೊಡುತ್ತಾರೆ. ಬೇಕಾದ ಮಾತೇ, ಬೇಡ ಅನ್ನುತ್ತಿಲ್ಲ.

ಆದರೆ ಹಾಂಗ್‌ಕಾಂಗ್‌ನಲ್ಲಿ ವಿಮಾನ ತುದಿಯಿಂದ ಹೋಗಲಿಲ್ಲ, ಬದಿಯಿಂದ ಹೋಯಿತು. ತುದಿಯಲ್ಲಿ ಇನ್ನೂ ಒಂದು ಕಿಲೋಮೀಟರ್ ಜಾಗ ಬಿಟ್ಟಿದ್ದರೂ ಆ ಇಬ್ಬರಿಗೆ ಪ್ರಯೋಜನ ಇರಲಿಲ್ಲ. ಇಂಥ ದೊಡ್ಡ ರನ್‌ವೇಗಳ ನಡುಗೆರೆಯಿಂದ ಎರಡೂ ಕಡೆ 140 ಮೀಟರ್ ಜಾಗ ಅಡೆತಡೆ ಇಲ್ಲದೆ ಇರಬೇಕು ಅನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಸಮುದ್ರ ತುಂಬಿಸಿ ಕಟ್ಟಿದ ಹಾಂಗ್‌ಕಾಂಗ್‌ನಲ್ಲೇ ಹೀಗಾಯಿತು. ನಮ್ಮದು ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಬದಿಯಲ್ಲೂ ಇಳಿಜಾರು. ಇಲ್ಲಿ ಎಡಕ್ಕೆಷ್ಟು, ಬಲಕ್ಕೆಷ್ಟು ಅಂತ ಯಾರಾದರೂ ಕೇಳಿದ್ದು ನಾನಂತೂ ಕೇಳಿಲ್ಲ.

ಇನ್ನೊಂದು ವಿಷಯ. ನನ್ನ ಭಾವ ಒಂದು ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ಯಾವ ಊರು, ಯಾವ ಕಂಪನಿ ಎಂದು ಬರೆಯುವುದಿಲ್ಲ. ಗುತ್ತಿಗೆ ಕೆಲಸ ನೋಡಿ. ಬೇಲಿಯ ಪಕ್ಕದ ರಸ್ತೆಯಲ್ಲಿ ಹೋಗಿ ಬರುವುದು, ಎಲ್ಲಾದರೂ ತಂತಿ ಸಡಿಲವಾಗಿದೆಯಾ, ನಾಯಿ ನರಿ ನುಸುಳಿವೆಯಾ ಎಂದು ಟಾರ್ಚ್ ಬಿಟ್ಟು ನೋಡುವುದು. ಮಳೆಗಾಲದಲ್ಲಿ ರೈನ್‌ಕೋಟ್ ಒಳಗೆ ವಾಕಿಟಾಕಿ, ಅದಕ್ಕೊಂದು ಪ್ಲಾಸ್ಟಿಕ್ ತೊಟ್ಟೆ. ಹಾಂಗ್‌ಕಾಂಗ್ ವಿಡಿಯೊ ನೋಡಿದ ದಿನ ಕೇಳಿದೆ, "ಭಾವ, ಹೀಗೇನಾದರೂ ಆದರೆ ಎತ್ತ ಓಡಬೇಕು ಅಂತ ನಿಮಗೆ ಹೇಳಿಕೊಟ್ಟಿದ್ದಾರಾ?" ಅವರು ನಕ್ಕರು. "ಗೇಟ್‌ಪಾಸ್ ಕಳೆದರೆ ಎಷ್ಟು ದಂಡ ಅಂತ ಹೇಳಿಕೊಟ್ಟಿದ್ದಾರೆ ಮಾರಾಯ" ಅಂದರು.

ಹುಲ್ಲು ಕೊಯ್ಯುವವರು, ದೀಪ ರಿಪೇರಿಯವರು, ಹಕ್ಕಿ ಓಡಿಸುವವರು ಎಲ್ಲರ ಕಥೆಯೂ ಬಹುಶಃ ಇದೇ. ಪ್ರಯಾಣಿಕರಿಗೆ ಸೀಟ್‌ಬೆಲ್ಟ್ ಹೇಗೆ ಕಟ್ಟುವುದು ಅಂತ ಪ್ರತಿ ಸಲ ತೋರಿಸುತ್ತಾರೆ. ಇವರಿಗೆ ಏನು ತೋರಿಸುತ್ತಾರೆ? ಕಾರ್ಗೋ ವಿಮಾನ ಜಾಸ್ತಿ ಇಳಿಯುವುದೂ ರಾತ್ರಿಯೇ ಅಲ್ವಾ. ನಮ್ಮ ಶಂಕರಪುರ ಮಲ್ಲಿಗೆಯೂ ವಿಮಾನ ಹತ್ತುತ್ತದೆ. ಮಂಗಳೂರಿಗೆ ಕಾರ್ಗೋ ವಿಮಾನ ಬರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಬರುವ ಮೊದಲು ಇದೊಂದು ಕೇಳಿಬಿಡೋಣ ಅಂತ.

ಆದ್ದರಿಂದ ಮುಂದಿನ ಅಧಿವೇಶನದಲ್ಲಿ ನಾಗರಿಕ ವಿಮಾನಯಾನ ಸಚಿವರಿಗೆ ಒಂದು ಲಿಖಿತ ಪ್ರಶ್ನೆ ಹಾಕಿ. ಮಂಗಳೂರು ರನ್‌ವೇಯ ಬದಿಯಲ್ಲಿ ಎಲ್ಲೆಲ್ಲಿ ಎಷ್ಟು ಮೀಟರ್ ಸಮತಟ್ಟು ಜಾಗವಿದೆ? ವಿಮಾನ ಇಳಿಯುವ ಹೊತ್ತಿಗೆ ಬೇಲಿ ಪಕ್ಕದ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಕಾ, ಬೇಡವಾ? ನಿಲ್ಲಿಸಬೇಕಿದ್ದರೆ ಹೇಳುವವರು ಯಾರು? ಗುತ್ತಿಗೆ ಕೆಲಸದವರಿಗೆ ವಿಮೆ ಎಷ್ಟು? ಕೆಂಜಾರಿನ ಕಡೆಯಿಂದ ಅಗ್ನಿಶಾಮಕ ಗಾಡಿ ಕಮರಿಗೆ ಇಳಿಯುವ ದಾರಿಯನ್ನು ಕೊನೆಯ ಸಲ ಓಡಿಸಿ ನೋಡಿದ್ದು ಯಾವಾಗ?

ಮೇ 22ಕ್ಕೆ ತಣ್ಣೀರುಬಾವಿಯ ಸ್ಮಾರಕದ ಹತ್ತಿರ ಸಿಗುತ್ತೇನೆ. ಅಷ್ಟರೊಳಗೆ ಉತ್ತರ ಬಂದಿದ್ದರೆ ಅದರದ್ದೊಂದು ಜೆರಾಕ್ಸ್ ತನ್ನಿ, ಭಾವನಿಗೆ ಕೊಡಬೇಕು.

ಇತಿ,
ಬಜ್ಪೆ ಕಡೆಯ ಒಬ್ಬ ಮತದಾರ